ಬಣ್ಣದ ಮೇಲಿನ ಕ್ಲಿಪ್ಪು

ಕ್ಲಿಪ್ಪನ್ನು ಹೊಸ ಬಣ್ಣದ ಮೇಲೆಯೇ ಕಚ್ಚಿಸಿ ಜಮನಿಬೆನ್ ಎರಡು ಹೆಜ್ಜೆ ಹಿಂದೆ ಸರಿದಳು. ಮೊಸಳೆಬಾಯಿಯ ಕ್ಲಿಪ್ಪು, ಅದರ ಬಾಲಕ್ಕೆ ಹಸಿರು ತಂತಿ, ತಂತಿಯ ಇನ್ನೊಂದು ತುದಿ ಗೋಡೆಯ ಬುಡದಲ್ಲಿ ನೆಲದೊಳಗೆ. ನೋಡುವವರಿಗೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ತಪಾಸಣೆಗೆಂದು ಮೊನ್ನೆ ಮಿಕ್ಸರ್ ಪಾತ್ರೆಗೆ ದಪ್ಪಗೆ ನೀಲಿ ಬಣ್ಣ ಬಳಿದವರು ಕ್ಲಿಪ್ಪು ಕಚ್ಚಬೇಕಾದ ಕಬ್ಬಿಣದ ಕಿವಿಯನ್ನೂ ಬಿಟ್ಟಿರಲಿಲ್ಲ. ಬಣ್ಣ ಕೆರೆದು, ಬರಿಯ ಲೋಹ ಕಂಡ ಮೇಲೆ ಕ್ಲಿಪ್ಪು ಹಾಕಬೇಕು. ಅದು ಅವಳಿಗೆ ಗೊತ್ತಿತ್ತು. ಕೆರೆಯುವ ಹಿತ್ತಾಳೆಯ ಪಟ್ಟಿ ಅವಳ ಸೊಂಟದ ಚೀಲದಲ್ಲಿಯೇ ಇತ್ತು.

"ಹಾಕಿದ್ಯಾ ಜಮನಿಬೆನ್?" ಮೇಲಿನ ಅಟ್ಟಣೆಯಿಂದ ಮ್ಯಾನೇಜರ್ ಕಿರೀಟ್ ದೇಸಾಯಿ ಕೂಗಿದ.

"ಹಾಕ್ದೆ ಸಾಹೇಬ್."

ಅವನು ಬಗ್ಗಿ ನೋಡಲಿಲ್ಲ. ನೋಡುವುದಿಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತು.

ವಾಪಿಯ ಆ ಕಾರ್ಖಾನೆಯಲ್ಲಿ ಮಾತ್ರೆಗಳ ಪಟ್ಟಿಗೆ ಅಂಟಿಸುವ ಬೆಳ್ಳಿ ಹಾಳೆಗೆ ಬಳಿಯುವ ಮೆರುಗೆಣ್ಣೆ ತಯಾರಾಗುತ್ತಿತ್ತು. ಚೀಲಗಟ್ಟಲೆ ಬರುವ ವಿನೈಲ್ ರೆಸಿನ್ ಮೈದಾಹಿಟ್ಟಿನಷ್ಟು ಬಿಳುಪು, ಅಷ್ಟೇ ನುಣುಪು. ಅದನ್ನು ದ್ರಾವಕಕ್ಕೆ ಸುರಿದು ಕರಗಿಸಬೇಕು. ಹೊಸದಾಗಿ ಸೇರಿದವರು ಆ ಪುಡಿಯನ್ನು ಕಂಡು ಹೆದರುವುದಿಲ್ಲ. ಆದರೆ ಚೀಲದಿಂದ ಜಾರಿ ಬೀಳುವಾಗ ಅದು ಉಜ್ಜಿ ಉಜ್ಜಿ ಮೈಯಲ್ಲಿ ಕರೆಂಟು ತುಂಬಿಕೊಳ್ಳುತ್ತದೆ. ಕೆಳಗೆ ಪಾತ್ರೆಯ ಬಾಯಲ್ಲಿ ದ್ರಾವಕದ ಆವಿ ಕಾದಿರುತ್ತದೆ. ತಂತಿ ಸರಿಯಿದ್ದರೆ ಕರೆಂಟು ಸದ್ದಿಲ್ಲದೆ ನೆಲಕ್ಕಿಳಿದು ಹೋಗುತ್ತದೆ. ಇಲ್ಲದಿದ್ದರೆ ಕೂದಲೆಳೆಯಷ್ಟು ಕಿಡಿ ಸಾಕು.

ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವನು ಎಲೆಕ್ಟ್ರಿಷಿಯನ್ ರತುಕಾಕಾ. ಓದಲು ಬಾರದ ಜಮನಿಬೆನ್ ಗೋಡೆಯ ಮೇಲಿನ ಸೂಚನೆಗಳನ್ನು ಊಟದ ವಿರಾಮದಲ್ಲಿ ಅವನಿಂದ ಓದಿಸಿ ಓದಿಸಿ ಬಾಯಿಪಾಠ ಮಾಡಿಕೊಂಡಿದ್ದಳು. ಒಣಪೊರಕೆಯಿಂದ ಗುಡಿಸಬಾರದು, ಧೂಳು ಗಾಳಿಗೇಳಬಾರದು. ಬಿಸಿ ಕೊಳವೆಯ ಹತ್ತಿರ ಚೀಲ ಇಡಬಾರದು. ರೆಸಿನ್ ಸೀದರೆ ಹೊಗೆ ಹುಳಿಹುಳಿಯಾಗಿ ಗಂಟಲು ಸುಡುತ್ತದೆ. ನೈಲಾನ್ ಉಡಬಾರದು.

"ತಮ್ಮಂಗೆ ಹಂಗಾಯ್ತಲ್ಲ, ಪಾಪ, ಹೆದರಿಕೆ ಹೊಕ್ಕಿದೆ," ಎಂದು ಗೋದಾಮಿನ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಅವಳು ತಿದ್ದಲಿಲ್ಲ.

ತಮ್ಮ ಝೀಣಾ ಇದೇ ಅಟ್ಟಣೆಯ ಮೇಲೆ ಸುಟ್ಟುಹೋಗಿ ಬರುವ ಫಾಲ್ಗುಣಕ್ಕೆ ಮೂರು ವರ್ಷ. ಅದಕ್ಕೆ ಮುಂಚಿನ ಎಂಟು ದಿನವೂ ರಾತ್ರಿ ರಾಗಿರೊಟ್ಟಿ ಮುರಿಯುತ್ತ ಅವನು ಒಂದೇ ಮಾತು ಹೇಳಿದ್ದ. "ಅಕ್ಕಾ, ತಂತಿ ಕಿತ್ತು ಬಂದಿದೆ. ದೇಸಾಯಿ ಸಾಹೇಬ್ರಿಗೆ ದಿನಾ ಹೇಳ್ತಿದೀನಿ. ಈ ಆರ್ಡರ್ ಒಂದು ಮುಗೀಲಿ ಮಾರಾಯ ಅಂತಾರೆ." ಒಂಬತ್ತನೆಯ ದಿನ ಮಧ್ಯಾಹ್ನ ಕಾರ್ಖಾನೆಯ ಗಾಡಿ ಮನೆ ಮುಂದೆ ಬಂದು ನಿಂತಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಅವನನ್ನು ಬಾಳೆ ಎಲೆಯ ಮೇಲೆ ಮಲಗಿಸಿದ್ದರು. ಕಣ್ಣು, ತುಟಿ ಬಿಟ್ಟರೆ ಅವಳಿಗೆ ಅವನಲ್ಲಿ ತಮ್ಮನೆಂದು ಗುರುತಿಸಲು ಏನೂ ಉಳಿದಿರಲಿಲ್ಲ.

ವರದಿಯಲ್ಲಿ ಒಂದು ಸಾಲು ಬಂತು: ಕೆಲಸಗಾರನ ಜೇಬಿನಲ್ಲಿ ಬೆಂಕಿಪೊಟ್ಟಣವಿತ್ತು. ಕೆಳಗೆ ದೇಸಾಯಿಯ ಸಹಿ. ಝೀಣಾ ಹುಟ್ಟಿದಾಗಿನಿಂದ ಒಂದು ಬೀಡಿ ಸೇದಿದವನಲ್ಲ. ಅವನು ತೀರಿಕೊಂಡ ಹದಿಮೂರನೆಯ ದಿನ ಕಾರ್ಖಾನೆಯವರು ಮನೆಗೊಂದು ಕೆಲಸ ಕೊಡುತ್ತೇವೆಂದರು. ತಮ್ಮನನ್ನು ನುಂಗಿದ ಜಾಗಕ್ಕೆ ಹೇಗೆ ಹೋಗುತ್ತೀಯೆಂದು ಓಣಿಯವರು ಬಾಯಿಗೆ ಸೆರಗು ಹಿಡಿದರು. ಅವಳು ಮರುದಿನವೇ ಹೋದಳು. ದಿನವೂ ಎಂಟು ಗಂಟೆ ದೇಸಾಯಿಯ ಮುಖ ಕಾಣುವ ಜಾಗ ಅವಳಿಗೆ ಬೇರೆಲ್ಲಿಯೂ ಸಿಗುತ್ತಿರಲಿಲ್ಲ.

ಇವತ್ತು ಆಪರೇಟರ್ ಹೆಂಡತಿಯ ತಮ್ಮನ ಮದುವೆಗೆಂದು ರಜೆ ಹಾಕಿದ್ದ. ತಪಾಸಣೆಗೆ ಬಂದ ಸರ್ಕಾರಿ ಅಧಿಕಾರಿ ವಾಘೇಲಾ, ಒಂದು ಬ್ಯಾಚ್ ನಡೆಸಿ ತೋರಿಸಿ ಎಂದಿದ್ದ. "ಅದಕ್ಕೇನು, ನಾನೇ ಸುರೀತೀನಿ ಬನ್ನಿ. ನಮ್ಮಲ್ಲಿ ಸಣ್ಣ ಕೆಲಸ ದೊಡ್ಡ ಕೆಲಸ ಅಂತಿಲ್ಲ," ಎಂದು ದೇಸಾಯಿ ನಗುತ್ತ ತೋಳು ಮಡಚಿದ್ದ. ಮಿನುಗುವ ನೈಲಾನ್ ಅಂಗಿ. ಜಮನಿಬೆನ್ ಅದನ್ನೂ ನೋಡಿದಳು. ಮೂರು ವರ್ಷ ಅವಳು ಬೇಡಿಕೊಂಡದ್ದೆಲ್ಲ ಒಂದೇ ಬೆಳಗ್ಗೆ ತಾನಾಗಿ ಬಂದು ಸಾಲಾಗಿ ನಿಂತಂತಿತ್ತು.

ಪಾತ್ರೆಯೊಳಗೆ ರೆಕ್ಕೆ ತಿರುಗತೊಡಗಿತು. ದ್ರಾವಕದ ಸಿಹಿವಾಸನೆ ಕೆಳಗಿಳಿದು ಬಂತು. ದೇಸಾಯಿ ಚೀಲದ ಹೊಲಿಗೆ ಎಳೆದು ಬಿಚ್ಚಿ ಒಳಗಿನ ಪ್ಲಾಸ್ಟಿಕ್ಕನ್ನು ಹೊರಗೆ ಮಡಚಿದ. ಮೊದಲು ಅವನ ಅಂಗಿ ಹತ್ತಿಕೊಳ್ಳುತ್ತದೆ, ಅವಳೆಂದುಕೊಂಡಳು. ಆಮೇಲೆ ಕೂದಲು. ಓಡಬೇಕೆನ್ನಿಸುತ್ತದೆ, ಮೆಟ್ಟಿಲು ಕಾಣುವುದಿಲ್ಲ. ನನ್ನ ಝೀಣಾನಿಗೂ ಕಾಣಲಿಲ್ಲ.

"ಎಷ್ಟು ನಿಧಾನ ಸುರೀತೀರಿ, ನೋಡೋಣ," ಎನ್ನುತ್ತ ವಾಘೇಲಾ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅಟ್ಟಣೆಯ ಮೆಟ್ಟಿಲು ಹತ್ತಿದ. ಇದನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವನು ಬಡಕಲು ಮನುಷ್ಯ, ಸ್ವೆಟರಿನ ಮೊಣಕೈಗೆ ಯಾರೋ ಬೇರೆ ಬಣ್ಣದ ಉಣ್ಣೆಯಿಂದ ತೇಪೆ ಹಾಕಿದ್ದರು. ದೇಸಾಯಿ ಚೀಲವನ್ನು ಬಗಲಿಗೇರಿಸಿದ. ವಾಘೇಲಾ ಪಾತ್ರೆಯ ಬಾಯಿಗೆ ಬಗ್ಗಿದ.

"ಸುರೀಬೇಡಿ! ಚೀಲ ಇಳಿಸಿ!"

ಯಾರು ಕೂಗಿದ್ದೆಂದು ತನಗೇ ತಿಳಿಯುವ ಮೊದಲು ಅವಳ ಅಂಗೈ ಕೆಂಪು ಗುಂಡಿಯನ್ನು ಒತ್ತಿ ಹಿಡಿದಿತ್ತು. ರೆಕ್ಕೆ ಗುರ್ರೆಂದು ನಿಂತಿತು.

"ತಲೆ ಕೆಟ್ಟಿದ್ಯಾ ನಿಂಗೆ?" ದೇಸಾಯಿಯ ಮುಖ ಕೆಂಪೇರಿತು.

"ಕ್ಲಿಪ್ಪು ಬಣ್ಣದ ಮೇಲಿದೆ. ಕೆಳಗಿಳೀರಿ ವಾಘೇಲಾ ಸಾಹೇಬ್. ಮೊದ್ಲು ನೀವು ಇಳೀರಿ."

ಪಾತ್ರೆಯ ಬಾಯಿ ಮುಚ್ಚಿಸಿ, ಆವಿ ಹೋಗಲೆಂದು ಫ್ಯಾನುಗಳನ್ನು ಹಾಕಿಸಿ, ವಾಘೇಲಾ ಎಲೆಕ್ಟ್ರಿಷಿಯನ್ನನ್ನು ಕರೆಸಿದ. ರತುಕಾಕಾ ಮೀಟರಿನ ಒಂದು ಕಡ್ಡಿಯನ್ನು ಪಾತ್ರೆಯ ಬಣ್ಣವಿಲ್ಲದ ಅಂಚಿಗೆ, ಇನ್ನೊಂದನ್ನು ನೆಲಕ್ಕಿಳಿದ ಕಬ್ಬಿಣದ ಪಟ್ಟಿಗೆ ಒತ್ತಿದ. ಮುಳ್ಳು ಅಲುಗಲಿಲ್ಲ. ಬಣ್ಣ ಕೆರೆದು ಕ್ಲಿಪ್ಪು ಕಚ್ಚಿಸಿದ. ಮುಳ್ಳು ಆ ತುದಿಗೆ ಹಾರಿತು. ವಾಘೇಲಾ ಸ್ವೆಟರಿನ ತೋಳಿನಿಂದ ಹಣೆ ಒರೆಸಿಕೊಂಡ.

"ಇವಳೇ ಹಾಕಿದ್ದು!" ದೇಸಾಯಿ ಬೆರಳು ಚಾಚಿದ. "ಕೇಳಿ ಬೇಕಾದ್ರೆ, ಇವಳೇ!"

"ಹೌದು, ನಾನೇ," ಎಂದಳು ಜಮನಿಬೆನ್. "ಇವರ ಜೇಬು ತಡಕಿ ಸಾಹೇಬ್. ಬೆಂಕಿಪೊಟ್ಟಣ ಇರಬಹುದು. ಇವತ್ತು ಇವರು ಸುಟ್ಟುಹೋಗಿದ್ರೆ ಕಂಪನಿಯೋರು ಹಂಗೇ ಬರೀತಿದ್ರು. ನನ್ನ ತಮ್ಮಂಗೆ ಬರೆದಿದಾರೆ. ಬರೆದೋರು ಇವರೇ. ತಡಕಿ, ನೋಡೋಣ."

ದೇಸಾಯಿಯ ಕೈ ತನ್ನಷ್ಟಕ್ಕೆ ಅಂಗಿಯ ಜೇಬಿನ ಮೇಲೆ ಹೋಗಿ ಕುಳಿತುಬಿಟ್ಟಿತು.

"ಆವತ್ತು ತಂತಿ ಕಿತ್ತುಬಂದು ಎಂಟು ದಿನ ಆಗಿತ್ತು," ಎಂದಳು ಅವಳು.

"ಸುಳ್ಳು!"

"ಸುಳ್ಳಲ್ಲ." ಹೇಳಿದವನು ರತುಕಾಕಾ. ಅವನು ಮೀಟರಿನ ವೈರು ಸುತ್ತುತ್ತಿದ್ದ, ತಲೆ ಎತ್ತಲಿಲ್ಲ. "ಬೆಂಕಿ ಆರಿದ ಮೇಲೆ ಹೊಸ ತಂತಿ ಹಾಕಿದ್ದು ನಾನೇ. ಪೊಲೀಸ್ರು ಬರೋಕೆ ಮುಂಚೆ ಹಾಕು ಅಂದ್ರು ಸಾಹೇಬ್ರು. ಹಾಕ್ಬಿಟ್ಟೆ. ನಿವೃತ್ತಿಗೆ ನಾಲ್ಕು ವರ್ಷ ಇತ್ತು ನಂಗೆ."

ಜಮನಿಬೆನ್ ಅವನ ಕಡೆ ತಿರುಗಿದಳು. ಮೂರು ವರ್ಷ ಇವನ ಪಕ್ಕ ಕುಳಿತು ಬುತ್ತಿ ಬಿಚ್ಚಿದ್ದಳು, ಉಪ್ಪಿನಕಾಯಿ ಹಂಚಿಕೊಂಡಿದ್ದಳು.

ವಾಘೇಲಾ ಅಲ್ಲೇ ಚೀಲದ ಮೇಲೆ ಕುಳಿತು ಎಲ್ಲರ ಹೇಳಿಕೆ ಬರೆದುಕೊಂಡ. ಅವಳ ಸರದಿ ಬಂದಾಗ ಮೆಲ್ಲಗೆ ಕೇಳಿದ. "ಬಣ್ಣದ ಮೇಲೆ ಹಾಕಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಿರಲಿಲ್ಲ, ಅಲ್ವಾ ಬೆನ್?" ಅವನು ಒಂದು ದಾರಿ ತೆರೆದು ಹಿಡಿದಿದ್ದಾನೆಂದು ಅವಳಿಗೆ ಅರ್ಥವಾಯಿತು.

"ಗೊತ್ತಿತ್ತು. ಹಂಗೇ ಬರ್ಕೊಳ್ಳಿ," ಎಂದಳು.

ಅವಳ ಕೆಲಸ ಅದೇ ವಾರ ಹೋಯಿತು. ಪೊಲೀಸರು ಎರಡು ಸಲ ಠಾಣೆಗೆ ಕರೆಸಿದರು. ಕಂಪನಿ ದೇಸಾಯಿಯನ್ನು ಅಮಾನತಿನಲ್ಲಿಟ್ಟಿತು, ಪೊಲೀಸರು ಝೀಣಾನ ಹಳೆಯ ಕಡತ ತೆರೆದರು. ಎರಡು ತಿಂಗಳ ವಿಚಾರಣೆಯ ಕೊನೆಗೆ ಅವನು ಬೆಂಕಿಪೊಟ್ಟಣವನ್ನು ತಾನು ಕಣ್ಣಾರೆ ಕಂಡಿರಲಿಲ್ಲವೆಂದು ಬರೆದುಕೊಟ್ಟ. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಅವನು ಸಹಿ ಹಾಕಿದ ಆ ಹಾಳೆಯ ನಕಲು ಕೈಗೆ ಬಂದ ದಿನ ಜಮನಿಬೆನ್ ಅದನ್ನು ನೆರೆಮನೆಯ ಹುಡುಗಿಯಿಂದ ನಾಲ್ಕು ಸಲ ಓದಿಸಿದಳು. ಕುಣಿದಾಡುವಷ್ಟು ಖುಷಿಯಾಗುತ್ತದೆಂದುಕೊಂಡಿದ್ದಳು. ಹಸಿವಾಯಿತು, ಅಷ್ಟೆ.

ಚಿಕ್ಕು ತೋಟದಲ್ಲಿ ಹಣ್ಣು ಕೀಳುವ ಕೆಲಸ ಹಿಡಿದ ಮೇಲೆ, ಒಂದು ರಜೆಯ ದಿನ ದೇಸಾಯಿಯೇ ಅವಳ ಮನೆಗೆ ಬಂದ. ಸ್ಕೂಟರನ್ನು ಓಣಿಯ ಬಾಯಲ್ಲಿ ಬಿಟ್ಟು ನಡೆದು ಬಂದಿದ್ದ. ಜಗಲಿಯ ಅಂಚಿನಲ್ಲಿ ಕುಳಿತ. ತುಂಬ ಇಳಿದುಹೋಗಿದ್ದ.

"ನೀನೂ ನನ್ನ ಸುಡೋಕೇ ಹೊರಟಿದ್ದೆ," ಎಂದ.

"ಹೌದು."

"ಆದ್ರೂ ಕೂಗ್ದೆ. ಮನಸ್ಸು ಕರಗ್ತು ನಿಂಗೆ. ಅದನ್ನೇ ಕೋರ್ಟಲ್ಲಿ ಒಂದ್ಮಾತು ಹೇಳು ಜಮನಿಬೆನ್. ಇವರ ಮೇಲೆ ನಂಗೆ ದ್ವೇಷ ಇಲ್ಲ ಅಂತ. ಜಡ್ಜು ನೋಡ್ತಾರೆ ಅದನ್ನ."

"ಆ ತೇಪೆ ಸ್ವೆಟರಿನೋನು ಬಗ್ಗದೇ ಇದ್ದಿದ್ರೆ ನಾನು ಕೂಗ್ತಿರಲಿಲ್ಲ," ಎಂದಳು ಜಮನಿಬೆನ್. "ಬಗ್ಗಿದ್ದು ಒಳ್ಳೇದೇ ಆಯ್ತು. ನೀವು ಸತ್ತಿದ್ರೆ ಆ ಹಾಳೇಗೆ ಸಹಿ ಹಾಕೋರು ಯಾರಿದ್ರು?"

ಎದುರಿನ ಅಂಗಳದಲ್ಲಿ ಯಾರೋ ಹಪ್ಪಳ ಒಣಹಾಕುತ್ತಿದ್ದರು.

"ಸ್ವಲ್ಪ ನೀರು ಸಿಗುತ್ತಾ?" ಎಂದ ಕೊನೆಗೆ.

ಅವಳು ಒಳಗೆ ಹೋಗಿ ಸ್ಟೀಲಿನ ಲೋಟದಲ್ಲಿ ತಂದುಕೊಟ್ಟಳು. ಅರ್ಧ ಕುಡಿದು ಲೋಟವನ್ನು ಪಕ್ಕಕ್ಕಿಟ್ಟು ಎದ್ದ. ಹೋಗಿಬರುತ್ತೇನೆ ಎನ್ನಲಿಲ್ಲ. ಬಿಸಿಲಲ್ಲಿ ಅವನ ಬೆನ್ನು ಓಣಿಯ ತಿರುವಿನವರೆಗೂ ಕಾಣುತ್ತಿತ್ತು.

ಜಮನಿಬೆನ್ ಬಾಗಿಲ ಚೌಕಟ್ಟಿಗೆ ಒರಗಿಕೊಂಡೇ ನಿಂತಳು. ನೆರೆಮನೆಯ ಕೋಳಿಯೊಂದು ಜಗಲಿ ಹತ್ತಿ, ಕುತ್ತಿಗೆ ಓರೆ ಮಾಡಿ ಲೋಟವನ್ನು ನೋಡಿತು. ಕೊಕ್ಕು ಅದ್ದಿತು, ಆಕಾಶಕ್ಕೆ ಎತ್ತಿತು, ಮತ್ತೆ ಅದ್ದಿತು. ಅವಳು ಅದನ್ನು ಓಡಿಸಲಿಲ್ಲ.