ಮಂಡಿಯನ್ನು ಯಾರೂ ಕೇಳಲಿಲ್ಲ

ನಾನು ಒಂದು ನೀ ಕ್ಯಾಪ್. ಮಂಡಿಗೆ ಹಾಕಿಕೊಳ್ಳುವ ಕಪ್ಪು ಪಟ್ಟಿ. ನನ್ನ ಎರಡೂ ಪಕ್ಕದಲ್ಲಿ ಉಕ್ಕಿನ ಸಲಾಕೆಗಳಿವೆ. ನಡುವೆ ಮಂಡಿಚಿಪ್ಪು ಕೂರಲು ಒಂದು ದುಂಡನೆಯ ತೂತು, ಹಿಂದೆ ಬಿಗಿಯಲು ವೆಲ್ಕ್ರೋ. ಜಲಂಧರದ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ನನ್ನನ್ನು ಹೊಲಿದ ಹೆಂಗಸು ಕೊನೆಯ ದಾರ ಕತ್ತರಿಸಿ, ಮಡಚಿ ಬಿಡಿಸಿ ನೋಡಿ, ಸರಿಯಾಗಿದೆ ಎಂದು ಡಬ್ಬಕ್ಕೆ ಹಾಕಿದಳು. ಮಂಡಿ ತಪ್ಪು ದಿಕ್ಕಿಗೆ ತಿರುಗದಂತೆ ಹಿಡಿದಿಡುವುದು ನನ್ನ ಕೆಲಸ. ಅದನ್ನು ಮಾಡಲಾಗದೆ ಹೋದ ಕಥೆ ಇದು. ಸಿಟ್ಟಿನಲ್ಲೇ ಹೇಳುತ್ತೇನೆ. ತಣ್ಣಗೆ ಹೇಳುವಂಥದ್ದು ಇದರಲ್ಲಿ ಏನೂ ಇಲ್ಲ.

ನನ್ನನ್ನು ಮೊದಲು ಕೊಂಡವಳು ಶೈಲಜಾ. ರೈಲ್ವೆ ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಳು. ಒಳ್ಳೆಯ ಹೆಂಗಸು, ಆಟ ಮುಗಿದ ಮೇಲೆ ತಣ್ಣೀರಲ್ಲಿ ತೊಳೆದು ನನ್ನನ್ನು ನೆರಳಲ್ಲೇ ಒಣಗಿಸುತ್ತಿದ್ದಳು. ಆಟ ಬಿಟ್ಟ ವರ್ಷ ಅವಳು ತಾನು ಕಲಿತ ಮಂಡ್ಯದ ಕ್ರೀಡಾ ಹಾಸ್ಟೆಲಿಗೆ ಒಂದು ಸಲ ಬಂದಳು. ಅಲ್ಲಿ ಇಂದುಮತಿ ಎಂಬ ಎತ್ತರದ ಹುಡುಗಿ ಬ್ಯಾಸ್ಕೆಟ್ಟಿನ ಕೆಳಗೆ ಹಾರಿ ಹಾರಿ ಇಳಿಯುವುದನ್ನು ನೋಡಿದಳು. ಇಳಿಯುವಾಗೆಲ್ಲ ಅವಳ ಎಡಮಂಡಿ ಒಳಕ್ಕೆ ವಾಲುತ್ತಿತ್ತು.

"ತಗೊಳೇ, ಇದು ಇನ್ನೂ ಗಟ್ಟಿಯಾಗಿದೆ. ಹಾಕ್ಕೊಂಡೇ ಆಡು" ಎಂದು ನನ್ನನ್ನು ಅವಳ ಕೈಗಿಟ್ಟಳು.

ಇಂದುಮತಿ, ಎಲ್ಲರ ಬಾಯಲ್ಲಿ ಇಂದು, ಆ ಹಾಸ್ಟೆಲಿಗೆ ಹೊರಗಿನವಳಲ್ಲ. ಅವಳ ತಾಯಿ ಜಯಮ್ಮ ಅಲ್ಲಿನ ಮೆಸ್ಸಿನಲ್ಲಿ ಅಡುಗೆ ಮಾಡುತ್ತಿದ್ದಳು. ತಂದೆ ಇಲ್ಲದ ಈ ಹುಡುಗಿ ಅಡುಗೆಮನೆಯ ಹಿಂದಿನ ಕೋರ್ಟಿನಲ್ಲೇ ಬೆಳೆದಳು. ಊರಿನವರು "ಈ ಪಾಟಿ ಉದ್ದ ಬೆಳೆದ್ರೆ ಗಂಡು ಎಲ್ಲಿ ಸಿಕ್ತಾನೆ" ಅನ್ನುತ್ತಿದ್ದರು. ಜಯಮ್ಮ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ಮಗಳ ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಿದ್ದಳು.

ಹೆಂಗಸರಿಗೂ ಒಂದು ವೃತ್ತಿಪರ ಲೀಗ್ ಶುರುವಾದಾಗ ಬೆಂಗಳೂರಿನ ಒಂದು ಕ್ಲಬ್ ಇಂದುವನ್ನು ಆರಿಸಿಕೊಂಡಿತು. ಕ್ಲಬ್ಬಿನ ಮಾಲೀಕರದು ಹೆಂಡದ ಕಂಪನಿ. ಜರ್ಸಿಯ ಎದೆಯ ಮೇಲೆ ಅದೇ ಹೆಸರಿನ ಸೋಡಾದ ಜಾಹೀರಾತು. ಅದು ಎಂಥ ಸೋಡಾ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಆ ಜರ್ಸಿ ತೊಟ್ಟು ಇಂದು ಚೆಂದ ಆಡಿದಳು. ಅವಳ ಜೊತೆ ಆಡಲು ಅಮೆರಿಕದಿಂದ ಟಾಶಾ ಎಂಬ ಆಟಗಾರ್ತಿಯನ್ನು ಕರೆಸಿದ್ದರು. ಇಬ್ಬರದೂ ಒಂದೇ ಕೋಣೆ. ಇವಳದು ಅರೆಬರೆ ಇಂಗ್ಲಿಷು, ಅವಳಿಗೆ ಕನ್ನಡ ಬಾರದು, ಆದರೂ ನಗುವುದಕ್ಕೆ ಇಬ್ಬರಿಗೂ ಏನೂ ತೊಂದರೆಯಿರಲಿಲ್ಲ.

ಸೀಸನ್ನಿನ ನಡುವೆ ಒಂದು ಪಂದ್ಯದಲ್ಲಿ ಇಂದು ಇಳಿಯುವಾಗ ಯಾರದೋ ಪಾದದ ಮೇಲೆ ಇಳಿದಳು. ಒಳಗೆ ಏನೋ ಎಳೆ ಬಿಟ್ಟದ್ದು ನನಗೆ ತಿಳಿಯಿತು. ಅವಳು ಕೋಣೆಗೆ ಬರುವಷ್ಟರಲ್ಲಿ ಮಂಡಿ ಊದಿ ನನ್ನ ಹೊಲಿಗೆಗಳನ್ನು ಬಿರಿಯುವಂತೆ ಒತ್ತುತ್ತಿತ್ತು. ತಂಡದ ವೈದ್ಯರು ಡಾಕ್ಟರ್ ಮುರಳೀಧರ್. ನುಣ್ಣನೆಯ ಮಾತು, ಬೆಚ್ಚನೆಯ ಕೈ. ಊತದ ನೀರು ತೆಗೆದು, ಮರಗಟ್ಟಿಸುವ ಸೂಜಿ ಹಾಕಿ, ನನ್ನನ್ನು ಬಿಗಿದು, "ಹೋಗಿ ಆಡಮ್ಮ" ಎಂದರು.

"ಸರ್, ಸ್ಕ್ಯಾನ್ ಮಾಡಿಸಬೇಕಲ್ವಾ?" ಎಂದು ಇಂದು ಕೇಳಿದಳು.

"ಮಾಡಿಸೋಣ, ಸೀಸನ್ ಮುಗೀಲಿ" ಎಂದವರು ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ್ ಪ್ರಸನ್ನ.

ಅಲ್ಲಿಂದ ಪ್ರತಿ ಪಂದ್ಯಕ್ಕೂ ಸೂಜಿ. ನೋವು ಗೊತ್ತಾದರೆ ಮಂಡಿ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ, ಕುಂಟುತ್ತದೆ, ನಿಲ್ಲುತ್ತದೆ. ಆ ಅರಿವನ್ನೇ ಅವರು ಕೊಂದರು. ಸತ್ತ ಮಂಡಿಯನ್ನು ಹೊತ್ತು ಹುಡುಗಿ ಹಾರುತ್ತಿದ್ದಳು, ನಾನೊಬ್ಬನೇ ಹಿಡಿದುಕೊಂಡಿದ್ದೆ. ಮದ್ದಿನ ಗುಂಗು ಇಳಿದ ಮೇಲೆ ನೋವು ಬಡ್ಡಿಸಮೇತ ಬರುತ್ತಿತ್ತು. ನುಂಗಿದ ಮಾತ್ರೆಗಳಿಂದ ಹೊಟ್ಟೆ ಉರಿದು ಅವಳು ತಿಂದದ್ದೆಲ್ಲ ಕಕ್ಕುತ್ತಿದ್ದಳು. ನಿದ್ದೆಯಂತೂ ಹಾರಿಹೋಗಿತ್ತು.

ಒಂದು ರಜೆಯ ಮಧ್ಯಾಹ್ನ, ಬಟ್ಟೆ ಒಣಹಾಕುವ ಮಹಡಿಯ ಮೇಲೆ ಕೂತಿದ್ದಾಗ, ಟಾಶಾ ಒಂದು ಸುತ್ತಿದ ಸಿಗರೇಟು ತೆಗೆದಳು. ಗಾಂಜಾ.

"ನಮ್ಮಲ್ಲಿ ದೊಡ್ಡ ಲೀಗಿನ ಗಂಡಸರಿಗೆ ಈಗ ಇದರ ಪರೀಕ್ಷೆಯನ್ನೇ ಮಾಡುವುದಿಲ್ಲ. ಎರಡು ದಮ್ಮು ಎಳೆ, ನಿದ್ದೆ ಬರುತ್ತದೆ" ಎಂದಳು.

ಇಂದು ಹೆದರಿದಳು. ಆಮೇಲೆ ಎಳೆದಳು, ಕೆಮ್ಮಿದಳು. ಅಲ್ಲೇ ಚಾಪೆಯ ಮೇಲೆ ಮಗುವಿನ ಹಾಗೆ ಮಲಗಿಬಿಟ್ಟಳು. ಮತ್ತೆರಡು ಸಲವೂ ಹಾಗೇ ಆಯಿತು. ಅದರಿಂದ ಅವಳು ಒಂದು ಅಂಗುಲವೂ ಎತ್ತರ ಹಾರಲಿಲ್ಲ. ಬರೀ ನಿದ್ದೆ ಮಾಡಿದಳು.

ಅವಳು ಇದನ್ನು ಮುಚ್ಚಿಡಲೂ ಇಲ್ಲ. ಮುಂದಿನ ಸೂಜಿಯ ದಿನ ಡಾಕ್ಟರಿಗೇ ಹೇಳಿದಳು. "ಸರ್, ಮಾತ್ರೆ ಆಗ್ತಿಲ್ಲ, ವಾಂತಿಯಾಗುತ್ತೆ. ಗಾಂಜಾ ಸೇದಿ ಮಲಗಿದೆ. ತಪ್ಪಾ ಸರ್?"

ಡಾಕ್ಟರು ನಕ್ಕರು. "ಅದನ್ನೆಲ್ಲ ನನಗೆ ಹೇಳಬೇಡಮ್ಮ. ಆಡ್ತಾ ಇದೀಯಲ್ಲ, ಅಷ್ಟು ಸಾಕು."

ಸೆಮಿಫೈನಲ್ಲಿನ ಬೆಳಿಗ್ಗೆ ಇಂದು ನನ್ನನ್ನು ಡಾಕ್ಟರ ಮೇಜಿನ ಮೇಲೆ ಬಿಟ್ಟು ತಿಂಡಿಗೆ ಹೋಗಿದ್ದಳು. ಪ್ರಸನ್ನ ಒಳಗೆ ಬಂದು ಬಾಗಿಲು ಹಾಕಿಕೊಂಡರು.

"ಉದ್ದೀಪನ ಮದ್ದು ಪರೀಕ್ಷೆಯವರು ಇವತ್ತು ಬರ್ತಾರಂತೆ. ಟಾಶಾ ಸೇದ್ತಾಳಲ್ಲ, ಕಾಲು ಉಳುಕಿದೆ ಅಂತ ಬರೆದು ಕೂರಿಸಿಬಿಡಿ."

"ಇಂದುಮತಿ?"

"ಇಬ್ಬರನ್ನೂ ಕೂರಿಸಿದ್ರೆ ಆಡೋರು ಯಾರು ಡಾಕ್ಟ್ರೇ? ಸಿಕ್ಕಿಬಿದ್ರೆ ಆಮೇಲೆ ನೋಡೋಣ."

ಡಾಕ್ಟರು ಸೂಜಿಗೆ ಮದ್ದು ತುಂಬಿಸತೊಡಗಿದರು. ನನಗೆ ಬಾಯಿ ಇದ್ದಿದ್ದರೆ ಅವತ್ತು ಕೂಗುತ್ತಿದ್ದೆ.

ಟಾಶಾ ಬೆಂಚಿನ ಹತ್ತಿರವೂ ಬರಲಿಲ್ಲ. ಇಂದು ಆಡಿದಳು, ತಂಡ ಗೆದ್ದಿತು. ಬೆವರು ಆರುವ ಮೊದಲೇ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬಾಕೆ ಬಂದು ಇಂದುವಿನ ಪಕ್ಕ ನಿಂತಳು. ಅಲ್ಲಿಂದ ನೆರಳಿನ ಹಾಗೆ ಹಿಂದೆಯೇ ಬಂದಳು. ಶೌಚಾಲಯದಲ್ಲೂ ಎದುರಿಗೇ ನಿಂತು ನೋಡಬೇಕು, ನಿಯಮವಂತೆ. ಜರ್ಸಿ ಎದೆಯವರೆಗೆ ಎತ್ತಿ, ಚಡ್ಡಿ ನನ್ನವರೆಗೆ ಜಾರಿಸಿ, ಅಪರಿಚಿತೆಯ ಕಣ್ಣೆದುರು ಮೂತ್ರ ಹೊಯ್ಯಲು ಆ ಹುಡುಗಿಗೆ ಆಗಲಿಲ್ಲ. ನೀರು ಕುಡಿದು, ಕಾದು, ಮತ್ತೆ ಹೋಗಿ, ಅಳುತ್ತ ಕೊಟ್ಟಳು. ಯಾವ ಯಾವ ಮದ್ದು ತಗೊಂಡಿದ್ದೀಯ ಎಂದು ಅಧಿಕಾರಿ ಕೇಳಿದಾಗ ಸೂಜಿಗಳನ್ನೆಲ್ಲ ಹೇಳಿದಳು. ಅವರು ತಲೆ ಎತ್ತದೆ ಬರೆದುಕೊಂಡರು. ಮರಗಟ್ಟಿಸುವುದಕ್ಕೆ ನಿಷೇಧವಿಲ್ಲ. ಮಂಡಿ ಹರಿದಿದ್ದರೂ ಆಡಿಸುವುದಕ್ಕೂ ನಿಷೇಧವಿಲ್ಲ.

ಫೈನಲ್ಲಿನಲ್ಲಿ ಮುಗಿಯಿತು. ಅವಳು ಹಾರಿ ಇಳಿದಳು, ಮಂಡಿ ಒಳಕ್ಕೆ ತಿರುಗಿತು. ನನ್ನ ಒಂದು ಸಲಾಕೆ ಬಾಗಿಹೋಯಿತು. ಲಟ್ ಎಂದ ಸದ್ದು ಬೆಂಚಿನವರೆಗೂ ಕೇಳಿಸಿತು. ಇಂದು ಕಿರುಚಲಿಲ್ಲ, ಸೂಜಿಯ ಮದ್ದು ಇನ್ನೂ ಇತ್ತು. ಕಾಲು ಯಾಕೆ ಹಾಗೆ ಬಿದ್ದಿದೆ ಎಂದು ನೋಡುತ್ತ ಕೂತಿದ್ದಳು.

ಆಪರೇಷನ್ ಖರ್ಚು ಕ್ಲಬ್ಬಿನದೇ ಎಂದು ಹೇಳಿ ಅವಳನ್ನು ಮಂಡ್ಯಕ್ಕೆ ಕಳಿಸಿದರು. ಅಷ್ಟರಲ್ಲಿ ಪರೀಕ್ಷೆಯ ಫಲಿತಾಂಶ ಬಂತು. ಗಾಂಜಾ ಪತ್ತೆ. ಮರುದಿನವೇ ಪ್ರಸನ್ನ ಕಾರಿನಲ್ಲಿ ಮನೆಗೆ ಬಂದರು. ಜಯಮ್ಮ ಕುರ್ಚಿ ಹಾಕಿ ಕಾಫಿ ಕೊಟ್ಟಳು.

"ಪತ್ರಕರ್ತರ ಮುಂದೆ ಇಂದುಮತಿ ಒಂದು ಮಾತು ಹೇಳಿಬಿಡಲಿ. ತಪ್ಪು ನನ್ನದು, ಕ್ಲಬ್ಬಿಗೂ ಡಾಕ್ಟರಿಗೂ ಏನೂ ಗೊತ್ತಿರಲಿಲ್ಲ ಅಂತ. ಆಪರೇಷನ್ ವಿಷಯ ಆಮೇಲೆ ನಾನು ನೋಡ್ಕೊಳ್ತೀನಿ."

"ಡಾಕ್ಟ್ರಿಗೆ ನಾನೇ ಹೇಳಿದ್ದೆ ಸರ್" ಎಂದಳು ಇಂದು.

"ಅದನ್ನ ಮರೆತುಬಿಡಮ್ಮ."

ಜಯಮ್ಮ ಕಾಫಿಯ ಲೋಟ ಅವರ ಕೈಯಿಂದಲೇ ತೆಗೆದುಕೊಂಡಳು. "ಮೊದ್ಲು ನನ್ ಮಗಳ ಕಾಲು ಸರಿ ಮಾಡ್ಸಿ ಸ್ವಾಮಿ. ಮಿಕ್ಕಿದ್ದು ಆಮ್ಯಾಕೆ ಮಾತಾಡುವ."

ಆದರೂ ಪತ್ರಕರ್ತರ ಮುಂದೆ ಬರುತ್ತೇನೆ ಎಂದು ಇಂದು ಒಪ್ಪಿದಳು. ಹೋಟೆಲಿನ ಹಾಲಿನಲ್ಲಿ, ಅದೇ ಸೋಡಾದ ಫಲಕದ ಮುಂದೆ, ಊರುಗೋಲು ಒರಗಿಸಿ ಕೂತಳು. ಬರೆದುಕೊಟ್ಟ ಹಾಳೆಯನ್ನು ಮಡಚಿ ಕೆಳಗಿಟ್ಟಳು.

"ನಾನು ಗಾಂಜಾ ಸೇದಿದ್ದು ನಿಜ. ನೋವಿಗೆ ಸೇದಿದೆ. ಡಾಕ್ಟರಿಗೆ ಹೇಳಿದ್ದೆ. ನನ್ನ ಮಂಡಿ ಮುರಿದಿದ್ದು ಗಾಂಜಾದಿಂದಲ್ಲ. ಪ್ರತಿ ಪಂದ್ಯಕ್ಕೂ ಸೂಜಿ ಹಾಕಿ ಆಡಿಸಿದರು. ಸ್ಕ್ಯಾನ್ ಕೇಳಿದರೆ ಮಾಡಿಸಲಿಲ್ಲ. ಅದನ್ನು ಬರೀರಿ."

"ಗಾಂಜಾ ಕೊಟ್ಟಿದ್ದು ಯಾರು?" ಎಂದ ಒಬ್ಬ ವರದಿಗಾರ.

"ಸೂಜಿ ಹಾಕಿದ್ದು ಯಾರು ಅಂತ ಕೇಳಿ, ಹೇಳ್ತೀನಿ."

ಯಾರೂ ಕೇಳಲಿಲ್ಲ. ಟಾಶಾಳ ಹೆಸರು ಅವಳ ಬಾಯಿಂದ ಬರಲಿಲ್ಲ. ಮರುದಿನದ ಪತ್ರಿಕೆಗಳಲ್ಲಿ ದಪ್ಪ ಅಕ್ಷರ: ಗಾಂಜಾ ಸೇದಿದ್ದು ನಿಜ, ಆಟಗಾರ್ತಿ ಒಪ್ಪಿಗೆ. ಸೂಜಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಪರೀಕ್ಷೆಯವರು ವಿಚಾರಣೆ ಮಾಡಿ ಮೂರೇ ತಿಂಗಳ ನಿಷೇಧ ಹಾಕಿದರು. ಕ್ಲಬ್ ಮಾತ್ರ ಕರಾರು ಮುರಿಯಿತು, ಆಪರೇಷನ್ನಿಗೂ ಕೈಯೆತ್ತಿತು. ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಬರುವ ಹೊತ್ತಿಗೆ ಮಂಡಿ ಬಿಗಿದುಹೋಗಿತ್ತು. ಮೊದಲೇ ಬರಬೇಕಿತ್ತು ಎಂದರು ಅಲ್ಲಿಯ ವೈದ್ಯರು. ಬೀದಿಯಲ್ಲಿ ಹುಡುಗರು ಅವಳನ್ನು ನೋಡಿ ಬೆರಳು ತುಟಿಗಿಟ್ಟು ಹೊಗೆ ಬಿಡುವಂತೆ ಆಡುತ್ತಿದ್ದರು. ಇಂದು ಬಾಗಿಲು ದಾಟುವುದನ್ನೇ ಬಿಟ್ಟಳು.

ಆಸ್ಪತ್ರೆಯವರು ಅವಳಿಗೆ ಬೇರೆ ಪಟ್ಟಿ ಕೊಟ್ಟರು. ನನ್ನನ್ನು ಎಸೆಯಲು ಹೋದಾಗ ಜಯಮ್ಮ ತಡೆದಳು. "ನನ್ ಮಂಡಿನೂ ನೋಯ್ತದೆ ಕಣೆ, ಒಲೆ ಮುಂದೆ ನಿಂತೂ ನಿಂತೂ. ನಂಗಿರ್ಲಿ." ಬಾಗಿದ ಸಲಾಕೆಯನ್ನು ಗುಂಡುಕಲ್ಲಿನಲ್ಲಿ ಬಡಿದು ನೆಟ್ಟಗೆ ಮಾಡಿ ಕಟ್ಟಿಕೊಂಡಳು. ಹೀಗೆ ನಾನು ಅಡುಗೆಮನೆಗೆ ಬಂದೆ.

ಮರುವರ್ಷ ಊರಿನ ಕಾಲೇಜಿನಲ್ಲಿ ಮಾದಕ ವಸ್ತು ವಿರೋಧಿ ಕಾರ್ಯಕ್ರಮ. ಹಾಸ್ಟೆಲಿನ ಹುಡುಗಿಯರನ್ನೆಲ್ಲ ಕೂರಿಸಿದ್ದರು. ಉಪ್ಪಿಟ್ಟು ಬಡಿಸಲು ಜಯಮ್ಮ ಹೋಗಿದ್ದಳು. ಮುಖ್ಯ ಅತಿಥಿ ಡಾಕ್ಟರ್ ಮುರಳೀಧರ್. ಅದೇ ನುಣ್ಣನೆಯ ದನಿಯಲ್ಲಿ, "ದೇಹವೇ ದೇವಾಲಯ ಮಕ್ಕಳೇ, ಅದಕ್ಕೆ ವಿಷ ಹಾಕಬೇಡಿ" ಎನ್ನುತ್ತಿದ್ದರು.

ಜಯಮ್ಮ ಸೌಟು ಕೆಳಗಿಟ್ಟಳು. ನಾನು ಅವಳ ಮಂಡಿಯಲ್ಲೇ ಇದ್ದೆ. ವೇದಿಕೆಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು.

"ಡಾಕ್ಟ್ರೇ, ಒಸಿ ತಾಳಿ. ನಾನು ಇಂದುಮತಿ ತಾಯಿ."

ಪ್ರಿನ್ಸಿಪಾಲರು ಸನ್ನೆ ಮಾಡಿ ಮೈಕು ಆರಿಸಿದರು. ಊಟದ ಹೊತ್ತಿಗೆ ಇಡೀ ಹಾಸ್ಟೆಲನ್ನು ಕೂಗಿ ಕರೆಯುವ ಹೆಂಗಸಿಗೆ ಮೈಕು ಯಾತಕ್ಕೆ?

"ಅವಳು ಸೇದುದ್ಲು. ತಪ್ಪು ಅನ್ನಿ, ಒಪ್ಕತೀನಿ. ಹರ್ದೋಗಿರೋ ಮಂಡಿಗೆ ಸೂಜಿ ಚುಚ್ಚಿ ಚುಚ್ಚಿ ಆಡ್ಸುದ್ರಲ್ಲ, ಅದೂ ಮದ್ದೇ ಅಲ್ವಾ? ಅದ್ನ ಯಾಕೆ ಈ ಮಕ್ಕಳ್ಗೆ ಹೇಳ್ನಿಲ್ಲ? ಹೇಳಿ ಈಗ!"

ಡಾಕ್ಟರು ಕನ್ನಡಕ ತೆಗೆದರು, ಒರೆಸಿದರು, ಪ್ರಿನ್ಸಿಪಾಲರ ಮುಖ ನೋಡಿದರು. "ಇದು ವೇದಿಕೆಯಲ್ಲಿ ಮಾತಾಡೋ ವಿಷಯ ಅಲ್ಲ" ಎಂದು ತೊದಲಿ ಹಿಂದಿನ ಬಾಗಿಲಿಂದ ಇಳಿದು ಹೋದರು. ಹಾರ ಮೇಜಿನ ಮೇಲೇ ಉಳಿಯಿತು.

ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು. "ಜಯಮ್ಮಕ್ಕ, ಸೂಜಿ ಹಾಕಿಸ್ಕೊಂಡ್ರೆ ಏನಾಗುತ್ತೆ?"

ಜಯಮ್ಮ ವೇದಿಕೆಯ ಅಂಚಿನಲ್ಲಿ ಕೂತು ಹೇಳಿದಳು. ಉಪ್ಪಿಟ್ಟು ಆರಿಹೋಯಿತು, ಒಬ್ಬರೂ ಏಳಲಿಲ್ಲ.

ಈಗ ನನಗೆ ವಯಸ್ಸಾಗಿದೆ. ವೆಲ್ಕ್ರೋ ಹಿಡಿಯುವುದಿಲ್ಲ, ಜಯಮ್ಮ ಲಾಡಿಯಿಂದ ಕಟ್ಟಿಕೊಳ್ಳುತ್ತಾಳೆ. ಉಳಿದ ಹೊತ್ತು ಅಡುಗೆಮನೆಯ ಮೊಳೆಗೆ ನೇತಾಡುತ್ತೇನೆ. ಸೀಸೆಯಲ್ಲಿ ಹಿಡಿದ ನೀರನ್ನು ಪರೀಕ್ಷಿಸಲು ದೊಡ್ಡ ದೊಡ್ಡ ಯಂತ್ರಗಳಿವೆಯಂತೆ. ಮನುಷ್ಯನ ಎದೆಯೊಳಗೆ ಇಳಿದು ನೋಡುವಂಥದ್ದನ್ನು ಇನ್ನೂ ಯಾರೂ ಮಾಡಿಲ್ಲ ಎಂದು ಕಾಣುತ್ತದೆ.

ಕಾಲೇಜಿನ ಕಾರ್ಯಕ್ರಮದ ಆ ದಿನ ಮನೆಗೆ ಬಂದು ಜಯಮ್ಮ ನಡೆದದ್ದನ್ನೆಲ್ಲ ಮಗಳಿಗೆ ಹೇಳಿದಳು.

"ಏನಂದ್ರು ಅವರು?" ಎಂದು ಇಂದು ಕೇಳಿದಳು.

"ಏನಂತಾರೆ? ಓಡೋದ್ರು."

ಇಂದು ಎದ್ದು ಎರಡು ತಟ್ಟೆ ಹಾಕಿದಳು. ಅವ್ವನ ಜೊತೆ ನೆಲದ ಮೇಲೆ ಕೂರೋಣವೆಂದು ಗೋಡೆ ಹಿಡಿದು ಮೆಲ್ಲಗೆ ಬಗ್ಗಿದಳು. ಅರ್ಧಕ್ಕೆ ನಿಂತಳು. ಮಂಡಿ ಮಡಚಲಿಲ್ಲ. ಕುರ್ಚಿ ಎಳೆದುಕೊಂಡಳು.