ಕತ್ತಿನ ಮೇಲಿನ ಕೈ

ಕುದುರೆ ಶಹಜಾದಿಯ ಜೂಲಿಗೆ ಸಿಕ್ಕಿಕೊಂಡ ಜರಿಯ ಚೂರುಗಳನ್ನು ಮಲ್ಕಾ ಒಂದೊಂದಾಗಿ ಬಿಡಿಸುತ್ತಿದ್ದಾಳೆ, ಮೊನ್ನೆಯ ಮದುವೆ ಮೆರವಣಿಗೆಯದು, ಎಳೆದರೆ ನೋಯುತ್ತದೆ, ಎಳೆಯಬಾರದು, ಶಹಜಾದಿಯ ಎಡಗಿವಿ ಇವಳ ಕಡೆ ತಿರುಗಿದೆ — ಅಂದರೆ ಸರಿ, ಮಾಡು — ಹಿಂಗಾಲೊಂದನ್ನು ಸಡಿಲಬಿಟ್ಟು ನಿಂತಿದೆ, ದಣಿವು, ತನಗೂ ಹಾಗೆ ನಿಲ್ಲಬೇಕು ಅನ್ನಿಸುತ್ತದೆ, ಶಾಲೆ ಬಿಟ್ಟಾಗಿನಿಂದ ಅಟ್ಟೂರಿನ ಈ ಶೀಟಿನ ಲಾಯದಲ್ಲಿ ಮಾತಿಲ್ಲದೆ ದಿನ ಸಾಗಿದೆ, ಮಾತು ಬೇಕಾಗಿಯೂ ಇರಲಿಲ್ಲ, ನಿನ್ನೆಯವರೆಗೆ, ನಿನ್ನೆ ಚಿಕ್ಕಜಾಲದಿಂದ ಹೆಣ್ಣು ನೋಡಲು ಬಂದು ಕೂತರು, ಹುಡುಗ ಜೀಷಾನ್, ಇಸ್ತ್ರಿ ಮಾಡಿದ ಅಂಗಿ, ನಗುಮುಖ, ಎತ್ತಿ ಆಡುವಂಥದ್ದು ಏನೂ ಇಲ್ಲ, ಆದರೆ ಅವನು ಗ್ಲಾಸು ಎತ್ತಿದಾಗೆಲ್ಲ ಪಕ್ಕದಲ್ಲಿದ್ದ ಅವನ ತಂಗಿ ಅನೀಸಾಳ ಭುಜ ಸಣ್ಣಗೆ ಒಳಕ್ಕೆ ಸರಿಯುತ್ತಿತ್ತು — ಗೊರಗುಂಟೆಪಾಳ್ಯದಿಂದ ತಂದ ಹೊಸದರಲ್ಲಿ ಶಹಜಾದಿಯೂ ಹೀಗೇ, ಯಾರು ಕೈ ಎತ್ತಿದರೂ, ತಲೆ ಕೆರೆದುಕೊಳ್ಳಲು ಎತ್ತಿದರೂ, ಮುಖ ಆಚೆ ಎಳೆದುಕೊಳ್ಳುತ್ತಿತ್ತು, ಮುಖಕ್ಕೇ ಹೊಡ್ದಿದ್ದಾರೆ ಕಣಮ್ಮಾ ಪಾಪಿಗಳು, ಅಬ್ಬಾ ನೋಡಿದ ಕೂಡಲೇ ಅಂದಿದ್ದರು, ಕುದುರೆಯದು ತಿಳಿಯುತ್ತದೆ ಅಬ್ಬಾನಿಗೆ — ಏನಮ್ಮಾ, ನಮ್ ಹುಡುಗ ಒಪ್ಗೇನಾ, ಹುಡುಗನ ತಾಯಿ ಕೇಳಿದ್ದು, ಸೋದರತ್ತೆ ಜಬೀನ್ ಫುಪ್ಪು ಹಿಂದಿನಿಂದ ಕತ್ತಿನ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದ್ದು, ತಲೆ ತಗ್ಗಿತು, ಅಷ್ಟೆ, ಅರೆ ನೋಡ್ರೀ, ಫುಪ್ಪುವಿನ ದನಿ, ನಾಚ್ಕೊಂಡ್ಳು, ಹೆಣ್ಮಕ್ಳು ಸುಮ್ನಿದ್ರೆ ಹೂಂ ಅಂತಾನೇ ಅಲ್ವಾ, ಎಲ್ಲರೂ ನಕ್ಕರು, ಬಾಯಿಗೆ ಬರ್ಫಿ ತುರುಕಿದರು, ಅನೀಸಾ ಒಬ್ಬಳೇ ನಗದೆ ಇವಳನ್ನು ನೋಡಿದಳು, ನೋಡಿ, ನೆಲ ನೋಡಿದಳು, ಅವಳಾದರೂ ಅದಕ್ಕಿಂತ ಬಿಡಿಸಿ ಹೇಳುವುದು ಹೇಗೆ, ರಾತ್ರಿಯೆಲ್ಲ ಕತ್ತಿನ ಮೇಲೆ ಆ ಕೈ ಇತ್ತು, ಫುಪ್ಪು ಆರ್.ಟಿ. ನಗರದ ತನ್ನ ಮನೆಗೆ ಹೋದ ಮೇಲೂ ಇತ್ತು, ಈಗಲೂ.

ಅಬ್ಬಾ ಬಂದರು, ಒಗೆದ ಅಂಗಿ, ತಲೆಗೆ ಟೋಪಿ, ಚಿಕ್ಕಜಾಲಕ್ಕೆ ಹೋಗಿ ನಿಕಾಹ್‌ಗೆ ತಾರೀಕು ಹಿಡಿದು ಬರಬೇಕು, ಅಲ್ಲಿ ಮಾತು ಕೊಟ್ಟರೆ ಆಯಿತು, ಊರಿಗೆಲ್ಲ ಲಾಲ್ ಸಾಬ್ ಆದ ಅಬ್ಬಾ ಕೊಟ್ಟ ಮಾತು ಹಿಂದಕ್ಕೆ ಬರುವುದಿಲ್ಲ, ಹೊರಡುವ ಮುಂಚೆ ಕುದುರೆಯ ಕಾಲು ಸವರಿ ನೋಡುತ್ತಾರೆ, ಅಯ್ಯೋ, ಸಂಜೆ ಇದನ್ನ ಕಳ್ಸೋದ್ ಬೇಡಮ್ಮಾ, ಮನಸ್ಸಿಲ್ಲ ಇದಕ್ಕೆ, ನೋಡು ಹೆಂಗ್ ನಿಂತಿದೆ, ಯಲಹಂಕದ ಮದ್ವೆಯೋರಿಗೆ ಫೋನ್ ಮಾಡಿ ಆಗಲ್ಲ ಅಂತೀನಿ, ಬೈದ್ರೆ ಬೈಲಿ — ಇವಳ ಮುಖವನ್ನೂ ನೋಡುತ್ತಾರೆ, ನೋಡಲಿ, ಇನ್ನೊಂಚೂರು ನೋಡಲಿ, ಏನ್ ಶಹಜಾದಿಗಿಂತ ನಿಂದೇ ಮುಖ ಉದ್ದ ಆಗಿದ್ಯಲ್ಲಾ, ಮದ್ವೆ ಹುಡ್ಗೀರ್ಗೆಲ್ಲ ಹಂಗೇ ಬಿಡು, ನಿಮ್ ಅಮ್ಮೀನೂ ಮೂರು ದಿನ ಅತ್ತಿದ್ಳು, ನನ್ನ ನೋಡಿ ಅಂತಾರೆ ಎಲ್ಲಾರೂ, ನಗು, ಸ್ಕೂಟರ್ ಸ್ಟ್ಯಾಂಡಿನಿಂದ ಇಳಿಯಿತು, ಕೀಲಿ ತೂರಿಸಿದರು, ಬಾಯಿ ತೆರೆಯಬೇಕು, ಒಂದೇ ಪದ, ಸಣ್ಣ ಮಕ್ಕಳೂ ಅನ್ನುವ ಪದ, ಕತ್ತಿನ ಮೇಲೆ ಕೈ, ಹಿಂದೆ ಯಾರೂ ಇಲ್ಲ, ಆದರೂ ಕೈ, ಕೈ — ಅಬ್ಬಾ, ನಕ್ಕೋ, ಬೇಡ ಅಂತ ಹೇಳ್ಬಿಡಿ ಅವ್ರಿಗೆ. ಅಬ್ಬಾನ ಬೆರಳು ಕೀಲಿಯ ಮೇಲೆ ನಿಂತಿದೆ, ತಿರುಗಿಸುತ್ತಿಲ್ಲ, ತೆಗೆಯುತ್ತಲೂ ಇಲ್ಲ. ಹೇಳ್ಬಿಡಿ ಅಬ್ಬಾ.