ಏಳು ಹಾಡಿನ ಹೆಂಗಸು

ಮದುವೆಯಾಗಿ ಜಹೀರಾಬಾದಿಗೆ ಬಂದ ಮೊದಲ ವಾರದಲ್ಲೇ ಸ್ವರೂಪಾ ಗಂಡನಿಂದ ಬೈಸಿಕೊಂಡಿದ್ದಳು. ರಾಜರತ್ನ ಸ್ನಾನಕ್ಕೆ ಹೋಗಿದ್ದಾಗ, ಪ್ಲೇಯರಿನಲ್ಲಿ ಓಡುತ್ತಿದ್ದ ಇಂಗ್ಲಿಷ್ ಹಾಡು ಬೇಸರವಾಗಿ ಗುಂಡಿ ಒತ್ತಿ ಮುಂದಿನದಕ್ಕೆ ದಾಟಿಸಿದ್ದಳು, ಅಷ್ಟೇ. ಅವನು ತಲೆಯಿಂದ ನೀರು ಸೋರಿಸುತ್ತಲೇ ಹೊರಗೆ ಓಡಿ ಬಂದ.

"ನಾಲ್ಕನೇದು ಬಿಟ್ಟರ ಐದನೇದು ಹೆಂಗ ತಿಳೀತದ? ಇದು ಪೂರಾ ಒಂದ ಕತಿ ಅದ. ನಡುವ ಹಾರಿಸಬಾರದು."

ಆಮೇಲೆ ತಪ್ಪಾಯಿತೆಂಬಂತೆ ಪಕ್ಕದಲ್ಲಿ ಕೂರಿಸಿಕೊಂಡು ಆ ಕತೆಯನ್ನು ಕನ್ನಡದಲ್ಲಿ ಹೇಳಿದ. ಮುಳುಗಿದ ಹಡಗಿನ ಅಡುಗೆಯವನೊಬ್ಬ ದ್ವೀಪದಲ್ಲಿ ಕೂತು, ತಾನು ಬಡಿಸಿದ್ದ ಜನರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತಾನೆ. ಹನ್ನೊಂದು ಹಾಡು, ಹನ್ನೊಂದು ಜನ. ಇಂಥವಕ್ಕೆ ಕಾನ್ಸೆಪ್ಟ್ ಆಲ್ಬಮ್ ಅನ್ನುತ್ತಾರೆ ಎಂದ. ಬಿಡಿ ಹಾಡು ಯಾರಾದರೂ ಕಟ್ಟುತ್ತಾರೆ, ಹತ್ತು ಹಾಡು ಹೊಲಿದು ಒಂದು ಬದುಕು ಕಟ್ಟುವುದು ಕಷ್ಟ ಎನ್ನುವುದು ಅವನ ನಂಬಿಕೆ. ತನ್ನ ಮೆಚ್ಚಿನ ಹತ್ತು ಆಲ್ಬಮ್‌ಗಳ ಪಟ್ಟಿಯನ್ನು ಅಲಮಾರಿಯ ಒಳಬಾಗಿಲಿಗೆ ಅಂಟಿಸಿದ್ದ. ಪ್ರತಿ ವರ್ಷ ಭೀಮ ಜಯಂತಿಯ ರಜೆಯ ದಿನ ಕೂತು ಅದನ್ನು ಹೊಸದಾಗಿ ಬರೆಯುತ್ತಿದ್ದ. ಸ್ವರೂಪಾಗೆ ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಹತ್ತಲಿಲ್ಲ. ಅಡುಗೆಯವನದು, ಗಡಿಯಾರ ನಿಂತ ಊರಿನದು, ಮೂವರು ಅಕ್ಕತಂಗಿಯರದು ಎಂದು ಗುರುತಿಟ್ಟುಕೊಂಡಳು. ಹನ್ನೊಂದು ವರ್ಷದಲ್ಲಿ ಅವಳಿಗೂ ರುಚಿ ಹತ್ತಿತು. ಮೊದಲ ಹಾಡಿನ ಒಂದು ಮಾತು ಏಳನೆಯ ಹಾಡಿನಲ್ಲಿ ಬೇರೆ ಅರ್ಥದಲ್ಲಿ ಬಂದರೆ ಈಗ ಅವಳೇ ಮೊದಲು ಹಿಡಿಯುತ್ತಿದ್ದಳು.

ಎರಡು ವರ್ಷದ ಹಿಂದೆ ಅವನು ತಾನೇ ಒಂದು ಆಲ್ಬಮ್ ಮಾಡಲು ಹೊರಟ. ವಾರವೆಲ್ಲ ಟ್ರ್ಯಾಕ್ಟರ್ ಕಾರ್ಖಾನೆಯ ಕೆಲಸ, ರವಿವಾರ ಬೆಳಿಗ್ಗೆ ಗಿಟಾರ್ ಬೆನ್ನಿಗೆ ಕಟ್ಟಿಕೊಂಡು ಮೋಟರ್ ಸೈಕಲ್ ಮೇಲೆ ತಾಂಡೂರಿಗೆ. ಅಲ್ಲಿ ಗೆಳೆಯ ದತ್ತುವಿನ ಕಲ್ಲು ಪಾಲಿಶ್ ಮಾಡುವ ಶೆಡ್ ಇತ್ತು. ರವಿವಾರ ಯಂತ್ರಗಳು ನಿಂತಿರುತ್ತಿದ್ದವು, ದತ್ತು ಡ್ರಮ್ ಬಾರಿಸುತ್ತಿದ್ದ. ಹಾಡು ಕೇಳಿಸಿರಿ ಎಂದರೆ ರಾಜರತ್ನ, "ಮುಗಿದ ಮ್ಯಾಲ. ತುಣುಕು ಕೇಳಿದ್ರ ಕೆಡ್ತದ," ಅನ್ನುತ್ತಿದ್ದ. ಸ್ವರೂಪಾ ಒಪ್ಪಿಕೊಂಡಿದ್ದಳು.

ಅನುಮಾನ ಹುಟ್ಟಿಸಿದವಳು ಗುರುಲಿಂಗಮ್ಮ. ಇಬ್ಬರೂ ಸರಕಾರಿ ಬಸ್ಸಿನ ಕಂಡಕ್ಟರುಗಳು. ಸ್ವರೂಪಾ ನಾರಾಯಣಖೇಡದ ಕಡೆ, ಗುರುಲಿಂಗಮ್ಮ ತಾಂಡೂರಿನ ಕಡೆ. ಒಂದು ಮಧ್ಯಾಹ್ನ ಡಿಪೋದಲ್ಲಿ ಬುತ್ತಿ ಬಿಚ್ಚಿದಾಗ ಗುರುಲಿಂಗಮ್ಮ ಕೇಳಿದಳು:

"ನಿಮ್ಮೋರು ತಾಂಡೂರಿನಾಗ ಯಾರ ಮನಿ ಮುಂದ ನಿಂದರ್ತಾರ?"

"ದತ್ತಣ್ಣನ ಶೆಡ್ಡಿಗಿ ಹೋಗ್ತಾರ ಅಕ್ಕ, ಬಾರಸಾಕ."

"ಶೆಡ್ ಅಲ್ಲವ್ವ. ಸ್ಟೇಷನ್ ಹಿಂದಿನ ಓಣಿ. ಅಲ್ಲಿ ನಮ್ಮ ತಂಗಿ ಮನಿ ಅದ. ಎರಡು ಸಲ ನೋಡೀನಿ, ಎರಡೂ ಸಲ ಐತಾರ. ಒಂದ ಬಾಗಲಾ ನೋಡ್ಕೋತ ನಿಂತಿದ್ರು. ನನ್ನ ಮಾರಿ ನೋಡಿ ಹೆಲ್ಮೆಟ್ ಹಾಕ್ಕೊಂಡ್ರು."

ಸ್ವರೂಪಾ ಬುತ್ತಿ ಮುಚ್ಚಿಟ್ಟಳು. ಸಂಜೆ ಏನೋ ನೆಪ ಮಾಡಿ ದತ್ತುವಿಗೆ ಫೋನ್ ಹಚ್ಚಿದಳು. ರವಿವಾರ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಿದಳು.

"ಎರಡಕ್ಕ ಮುಗೀತದಲ್ರಿ ವೈನಿ," ಅಂದ ದತ್ತು.

ರಾಜರತ್ನ ಮನೆಗೆ ಬರುತ್ತಿದ್ದದ್ದು ಏಳೂವರೆಗೆ.

ಅಲ್ಲಿಂದ ಅವಳು ಗಂಡನನ್ನು ಟಿಕೆಟ್ ತೆಗೆದುಕೊಳ್ಳದ ಪ್ರಯಾಣಿಕನನ್ನು ನೋಡುವಂತೆ ನೋಡತೊಡಗಿದಳು. ಅಂಥವರು ಕಂಡಕ್ಟರ್ ಹತ್ತಿರ ಬಂದಾಗಲೇ ಕಿಟಕಿಯ ಹೊರಗೆ ನೋಡುತ್ತಾರೆ. ರಾಜರತ್ನನೂ ತಾಂಡೂರಿನ ಮಾತು ಬಂದರೆ ಕಿಟಕಿಯ ಹೊರಗೆ ನೋಡುತ್ತಿದ್ದ. ಇಷ್ಟು ದಿನ ತನಗೇಕೆ ಕಾಣಲಿಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಮುಂದಿನ ಬುಧವಾರ ಅವಳ ವಾರದ ರಜೆ. ರಾಜರತ್ನ ಕೆಲಸಕ್ಕೆ ಹೋಗಿದ್ದ. ಅವನು ಬಳಸಿ ಬಿಟ್ಟ ಹಳೆಯ ಫೋನ್ ಅವಳ ಹತ್ತಿರ ಇತ್ತು, ಅವನ ಮೇಲ್ ಅದರಲ್ಲಿ ಇನ್ನೂ ತೆರೆದೇ ಇತ್ತು. ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ದತ್ತುವಿನ ಕಡೆಯಿಂದ ಏನೋ ಬಂದು ಬಿತ್ತು. ಹಾಡು ಒಂದರಿಂದ ಹಾಡು ಏಳು. ಸ್ವರೂಪಾ ಸೊಪ್ಪು ಪಕ್ಕಕ್ಕಿಟ್ಟು, ಬಾಗಿಲ ಅಗಳಿ ಹಾಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಮೊದಲ ಹಾಡಿನಲ್ಲಿ ಬರೀ ಡ್ರಮ್, ಅದರ ಮೇಲೆ ಅವನ ದನಿ. ನಾರಾಯಣಖೇಡದ ಬಸ್ ನಿಲ್ದಾಣ, ಮುಂಜಾನೆಯ ಮೊದಲ ಬಸ್ಸು, ಹಸಿರು ಸೀರೆಯ ಒಬ್ಬ ಹೆಂಗಸು. ಎರಡನೆಯದರಲ್ಲಿ ಅವಳು ಬಿಟ್ಟು ಬಂದ ಮನೆ. ಮೂರನೆಯದರಲ್ಲಿ ಗಿಟಾರ್ ಹುಚ್ಚೆದ್ದು ಚೀರುತ್ತಿತ್ತು. ಹೆಂಗಸು ಬಸ್ಸಿನ ಸರಳಿಗೆ ಹಣೆ ಹಚ್ಚಿ ತಾಂಡೂರಿನ ತನಕ ಅಳುತ್ತಿದ್ದಳು. ನಾಲ್ಕರಲ್ಲಿ ಕಲ್ಲಿನ ಶೆಡ್, ರೆಪ್ಪೆಯ ಮೇಲೆ ಬಿಳಿ ಧೂಳು. ಐದರಲ್ಲಿ ಮಾತೇ ಇಲ್ಲ, ಬರೀ ವಾದ್ಯ. ಆರನೆಯ ಹಾಡನ್ನು ಸ್ವರೂಪಾ ಎರಡು ಸಲ ಕೇಳಿದಳು. ಗುರುಲಿಂಗಮ್ಮ ಹೇಳಿದ ಬಾಗಿಲು ಅದರಲ್ಲಿತ್ತು.

ಬೇವಿನ ನೆರಳು, ನೀಲಿ ಬಾಗಿಲು,
ನಡುವೆ ಹತ್ತು ಹೆಜ್ಜೆ ದಾರಿ.
ಹತ್ತೂ ನನ್ನವೇ, ಒಂದನ್ನೂ ಇಡಲಾರೆ.

ಏಳನೆಯದರಲ್ಲಿ ಗಂಡಸು ಅವಳ ಹೆಸರು ಹೇಳಲು ಬಾಯಿ ತೆರೆಯುತ್ತಾನೆ, ಹೆಸರು ಬರುವುದಿಲ್ಲ. ಅಲ್ಲಿಗೆ ಮುಗಿಯಿತು. ಹೆಂಗಸು ಯಾರು, ಎಷ್ಟು ವಯಸ್ಸು, ಅವನಿಗೆ ಏನಾಗಬೇಕು, ಯಾವ ಹಾಡಿನಲ್ಲೂ ಇರಲಿಲ್ಲ. ಹಾಡುಗಳು ಚೆನ್ನಾಗಿದ್ದವು. ಅದೇ ಹೆಚ್ಚು ಉರಿಸಿತು. ಕಂಡೇ ಇಲ್ಲದವಳ ಮೇಲೆ ಮನುಷ್ಯ ಹೀಗೆ ಹಾಡುವುದುಂಟೇ? ತನ್ನ ಮೇಲೆ ಹನ್ನೊಂದು ವರ್ಷದಲ್ಲಿ ಒಂದು ಸಾಲನ್ನಾದರೂ ಕಟ್ಟಿದ್ದನೇ?

ರವಿವಾರ ಅವಳು ಡ್ಯೂಟಿ ಇದೆ ಎಂದು ಸುಳ್ಳು ಹೇಳಿ, ರಜೆ ಹಾಕಿ, ಖಾಕಿ ಅಂಗಿಯನ್ನು ಚೀಲದಲ್ಲಿ ತುರುಕಿಕೊಂಡು ತಾಂಡೂರಿನ ಬಸ್ಸು ಹತ್ತಿದಳು. ಸ್ಟೇಷನ್ ಹಿಂದಿನ ಓಣಿಯಲ್ಲಿ ಬೇವಿನ ಮರ ಒಂದೇ ಇತ್ತು, ನೀಲಿ ಬಾಗಿಲೂ ಒಂದೇ. ಓಣಿಯ ಬಾಯಲ್ಲಿ ಒಟ್ಟಿದ್ದ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ರಾಶಿಯ ಹಿಂದೆ ಸೆರಗು ತಲೆಗೆಳೆದುಕೊಂಡು ನಿಂತಳು. ಎರಡೂವರೆಗೆ ರಾಜರತ್ನ ಬಂದ. ಚಹಾದಂಗಡಿಯ ಪಕ್ಕ ಗಾಡಿ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತ.

ಬಹಳ ಹೊತ್ತಿನ ಮೇಲೆ ನೀಲಿ ಬಾಗಿಲು ತೆರೆಯಿತು. ಹೊರಗೆ ಬಂದದ್ದು ಅರವತ್ತು ದಾಟಿದ ಒಬ್ಬ ಹೆಂಗಸು. ತಂಬಿಗೆಯ ನೀರನ್ನು ತುಳಸಿ ಗಿಡಕ್ಕೆ ಸುರಿದು, ಎದುರಿಗೆ ನಿಂತವನನ್ನು ಕಣ್ಣು ಕಿರಿದು ಮಾಡಿ ನೋಡಿ, ಒಳಗೆ ಹೋಗಿ ಬಾಗಿಲನ್ನು ದಡಕ್ಕನೆ ಮುಚ್ಚಿದಳು. ಅಗಳಿ ಬಿದ್ದ ಸಪ್ಪಳ ಫರ್ಸಿ ರಾಶಿಯ ತನಕ ಕೇಳಿಸಿತು. ರಾಜರತ್ನ ಇನ್ನೂ ಒಂದಷ್ಟು ಹೊತ್ತು ನಿಂತು, ಸಂಜೆಯಾಗುವ ಮೊದಲೇ ಗಾಡಿ ಹತ್ತಿ ಹೋದ.

ಸ್ವರೂಪಾಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಒಳಗೆ ಮಗಳಿರಬಹುದು, ಸೊಸೆ ಇರಬಹುದು. ಹೋಗಿ ಬಾಗಿಲು ಬಡಿದಳು. ಬಾಗಿಲು ಗೇಣಿನಷ್ಟು ತೆರೆಯಿತು.

"ಆಯಿ, ಕುಡೀಲಾಕ ನೀರು ಸಿಗ್ತಾವೇನ್ರಿ?"

ಮುದುಕಿ ಅವಳನ್ನು ಅಡಿಯಿಂದ ಮುಡಿಯ ತನಕ ಅಳೆದಳು. "ನೀ ಅವನ ಕಡ್ಯಾಕಿ ಏನು?"

"ಯಾರ ಕಡಿ?"

"ಅದ ಆ ಹೆಲ್ಮೆಟ್ಟಿನವನ ಕಡಿ. ಎರಡು ವರ್ಷ ಆತು, ಐತಾರಕ್ಕೊಮ್ಮಿ ಬಂದು ನಿಂದರ್ತಾನ. ಈ ಜಾಗಾದ ಮ್ಯಾಲ ಕಣ್ಣು ಬಿದ್ದದ ಅವಂದು. ಮಾರಂಗಿಲ್ಲಂತ ಹೋಗಿ ಹೇಳು. ಒಬ್ಬಾಕೀನ ಇದ್ದೀನಂತ ಹೆದರಂಗಿಲ್ಲ ನಾ."

ಮಾತಾಡುವಾಗ ಮುದುಕಿಯ ಮೇಲ್ದುಟಿ ಬಲಗಡೆ ಒಂದಿಷ್ಟು ಮೇಲಕ್ಕೆಳೆದುಕೊಂಡಿತು. ರಾಜರತ್ನನಿಗೆ ಸಿಟ್ಟು ಬಂದರೆ ಆಗುವುದೂ ಹಾಗೆಯೇ. ಗಂಡನ ತಾಯಿ ಅವನಿಗೆ ಏಳು ವರ್ಷವಿದ್ದಾಗ ತೀರಿಕೊಂಡಳೆಂದು ಮದುವೆಯ ಮಾತುಕತೆಯಲ್ಲೇ ಹೇಳಿದ್ದರು. ಆ ತಾಯಿಯ ಹೆಸರು ಅವಳಿಗೆ ನೆನಪಿತ್ತು.

"ನಿಮ್ಮ ಹೆಸರು ಸಾಯಮ್ಮ ಏನ್ರಿ? ನಾರಾಯಣಖೇಡದಾಗ ಇದ್ರೇನ್ರಿ ಮೊದಲ?"

ಮುದುಕಿಯ ಕೈ ಅಗಳಿಯ ಮೇಲೆ ನಿಂತಿತು. "ಯಾರು ಹೇಳ್ಯಾರ ನಿಂಗ?"

"ಅವರು ಜಾಗಾ ನೋಡಾವ್ರು ಅಲ್ರಿ. ಅವರ ಹೆಸರು ರಾಜರತ್ನ. ನನ್ನ ಗಂಡ."

ಸಾಯಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. ಚಹಾದಂಗಡಿಯ ಪಕ್ಕದ ಖಾಲಿ ಜಾಗವನ್ನು ನೋಡುತ್ತ, "ನಾ ಅವಂಗ ಸತ್ತೀನಲ್ಲ," ಅಂದಳು.

ಒಳಗೆ ಮಗಳೂ ಇರಲಿಲ್ಲ, ಸೊಸೆಯೂ ಇರಲಿಲ್ಲ. ಒಂದು ಮಂಚ, ಒಂದು ಒಲೆ. ಸ್ವರೂಪಾ ಫೋನ್ ತೆಗೆದು ಹಾಡು ಹಚ್ಚಿ, ಇಯರ್‌ಫೋನನ್ನು ಅತ್ತೆಯ ಕಿವಿಗಿಟ್ಟಳು.

"ಹಾಡೇನು ಇದು? ಹಿಟ್ಟಿನ ಗಿರಣಿ ಓಡಿದಂಗ ಅದ," ಅಂದಳು ಸಾಯಮ್ಮ. ಆದರೆ ಕಿವಿಯಿಂದ ತೆಗೆಯಲಿಲ್ಲ. ಮೂರನೆಯ ಹಾಡಿಗೆ ಕೈ ಎತ್ತಿದಳು.

"ಸುಳ್ಳದ ಇದು. ಅವತ್ತು ನಾ ಅತ್ತಿಲ್ಲ. ಬಸ್ ಸ್ಟ್ಯಾಂಡಿನಾಗ ಶೇಂಗಾ ತಗೊಂಡಿದ್ದೆ. ಬಸ್ಸಿನಾಗ ಕುಂತು ತಿನಕೋತ ಬಂದೆ."

"ಮಾವ ಹೊಡೀತಿದ್ರೇನ್ರಿ?"

"ಇಲ್ಲ. ಅವ ಕೆಟ್ಟಾವ ಅಲ್ಲ. ನಂಗ ಆ ಮನಿ ಬ್ಯಾಡಾಗಿತ್ತು, ಅಷ್ಟ. ಹದಿನೈದು ದಿನದಾಗ ಬಂದು ಹುಡುಗನ ಕರಕೊಂಡು ಹೋಗ್ತೀನಂತ ಮಾಡಿದ್ದೆ. ಹೋಗೂದ್ರಾಗ ಎರಡು ವರ್ಷ ಆತು. ಹೋದ್ರ ನಮ್ಮತ್ತಿ ಹೊರಗ ನಿಂದರಿಸಿ, ನೀ ಸತ್ತೀ ಅಂತ ಹೇಳೀವಿ, ಅತ್ತತ್ತು ಈಗ ಸುಮ್ಮಾಗ್ಯಾನ, ತಿರುಗಿ ಹೋಗು ಅಂದ್ಲು. ತಿರುಗಿ ಬಂದೆ. ಅವತ್ತು ಅತ್ತೀನಿ. ಅದು ಇದರಾಗ ಇಲ್ಲ."

ಸ್ವರೂಪಾ ಇದನ್ನು ಪೂರ್ತಿ ನಂಬಲಿಲ್ಲ. ಸುಳ್ಳು ಹೇಳುವವರು ತಮ್ಮನ್ನು ಇಷ್ಟು ಕೆಟ್ಟವರನ್ನಾಗಿ ಮಾಡಿಕೊಳ್ಳುವುದಿಲ್ಲ ಎಂದೂ ಅನಿಸಿತು. ಹೊರಡುವಾಗ ಸಾಯಮ್ಮ, "ಬೀದ್ಯಾಗ ನಿಂದ್ರಬ್ಯಾಡಂತ ಹೇಳು ಅವಂಗ. ಮಂದಿ ಕೇಳ್ತಾರ," ಅಂದಳು. ಒಳಗೆ ಬಾ ಎಂದು ಹೇಳಲೇ ಎಂದು ಸ್ವರೂಪಾ ಕೇಳಿದರೆ ಹೌದೆನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ.

ಅವಳು ಮನೆ ಮುಟ್ಟಿದಾಗ ರಾಜರತ್ನ ಗಿಟಾರಿನ ತಂತಿ ಒರೆಸುತ್ತಿದ್ದ. "ಡ್ಯೂಟಿ ಮುಗೀತೇನು?"

"ಡ್ಯೂಟಿ ಇರಲಿಲ್ರಿ. ತಾಂಡೂರಿಗಿ ಹೋಗಿದ್ದೆ. ನೀಲಿ ಬಾಗಲದ ಮನಿಗಿ."

ಅವನು ಒರೆಸುವುದನ್ನು ನಿಲ್ಲಿಸಿದ. "ನನ್ನ ಬೆನ್ನ ಹಿಂದ ಬಂದಿದ್ದೇನು?"

"ಬರಾಂಗ ಮಾಡಿದ್ರಿ."

ಅವನು ಬಿಟ್ಟು ಬಿಟ್ಟು ಹೇಳಿದ. ಎರಡು ವರ್ಷದ ಹಿಂದೆ, ಅವನನ್ನು ಸಾಕಿದ ಅಜ್ಜಿ ಸಾಯುವ ಮುಂಚಿನ ದಿನ ಕೈ ಹಿಡಿದು, ನಿಮ್ಮವ್ವ ಬದುಕಿದ್ದಾಳೆ, ತಾಂಡೂರಿನಲ್ಲಿ ಕಲ್ಲಿನ ಕೆಲಸಕ್ಕೆ ಹೋಗುತ್ತಿದ್ದಳು ಎಂದಿದ್ದಳು. ದತ್ತುವಿನ ಶೆಡ್ಡಿನ ಹಳೆಯ ಹೆಣ್ಣಾಳುಗಳನ್ನು ಕೇಳಿ ಮನೆ ಹುಡುಕಿದ. ರಸ್ತೆ ದಾಟುವುದೊಂದು ಆಗಲಿಲ್ಲ.

"ಸತ್ತಾಳಂತ ನಿಂಗ ಹೇಳಿದ್ದೆ, ನಾನೂ ಅದನ್ನ ನಂಬಿದ್ದೆ. ಈಗ ಬದುಕ್ಯಾಳಂತ ಯಾ ಬಾಯಿಲೆ ಹೇಳ್ಲಿ? ಬಿಟ್ಟು ಹೋದಾಕಿ ಯಾಕ ಹೋದ್ಲು ಅಂತ ಮೊದಲ ನಂಗ ತಿಳೀಬೇಕಿತ್ತು."

"ಅದಕ್ಕ ಹಾಡು ಕಟ್ಟಿದ್ರಿ. ಬಾಗಲಾ ಬಡದು ಕೇಳಲಿಲ್ಲ." ಸ್ವರೂಪಾ ಚೀಲ ಕೆಳಗಿಟ್ಟು ಹೇಳಿದಳು, "ಹಾಡು ಕೇಳಸೀನಿ ಅವರಿಗಿ. ಮೂರನೇದು ತಪ್ಪದಂತ."

ಅವನು ಥಟ್ಟನೆ ತಲೆ ಎತ್ತಿದ. "ಏನು ತಪ್ಪದ?"

"ಬಸ್ಸಿನಾಗ ಅತ್ತಿಲ್ಲಂತ. ಶೇಂಗಾ ತಿಂದಾರಂತ."

ರಾಜರತ್ನ ಎದ್ದು ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ಮುಖ ತೊಳೆದ. ವಾರದ ನಡುವೆ, ಆ ಮುದುಕಿ ತನ್ನ ತಾಯಿಯೇ ಅಲ್ಲ, ಯಾರೋ ಬೇರೆ ಸಾಯಮ್ಮ ಇರಬೇಕು ಎಂದು ಒಮ್ಮೆ ಅಂದ. ಮಗುವನ್ನು ಬಿಟ್ಟವಳು ಯಾರಾದರೂ ಶೇಂಗಾ ತಿನ್ನುತ್ತಾಳೆಯೇ ಎಂದು ಇನ್ನೊಮ್ಮೆ ಅಂದ. ಶನಿವಾರ, "ನಾಳಿಗಿ ನೀನೂ ಬಾ," ಅಂದ.

ಚಹಾದಂಗಡಿಯ ಹತ್ತಿರ ಗಾಡಿ ನಿಲ್ಲಿಸಿ ಅವನು ಎಂದಿನಂತೆ ನಿಂತ. ಸ್ವರೂಪಾ ಕೈ ಹಿಡಿಯಲಿಲ್ಲ, ದೂಡಲೂ ಇಲ್ಲ. ಕೊನೆಗೆ ಅವನೇ ಹೆಜ್ಜೆ ಇಟ್ಟ. ಬಾಗಿಲು ತೆರೆದಿತ್ತು, ಆದರೆ ಸಾಯಮ್ಮ ಅಡ್ಡ ನಿಂತಿದ್ದಳು. ಅವಳಿಗೂ ವಾರವೆಲ್ಲ ಅನುಮಾನ ಕಾಡಿತ್ತೆಂದು ಕಾಣುತ್ತದೆ.

"ರಾಜಾನ ಆಗಿದ್ರ ಎಡಗಾಲು ತೋರಸು."

ನಲವತ್ತಕ್ಕೆ ಹತ್ತಿರವಾದ ಗಂಡಸು ಬೀದಿಯಲ್ಲಿ ಬಗ್ಗಿ ಪ್ಯಾಂಟು ಮೇಲೆ ಮಡಚಿದ. ಮೊಣಕಾಲ ಕೆಳಗೆ ಉದ್ದನೆಯ ಹಳೆಯ ಕಲೆ ಇತ್ತು.

"ಏನಾಗಿತ್ತು ಅದು?"

"ನಾಯಿ ಕಡದಿತ್ತಂತ ಅಜ್ಜಿ ಹೇಳಿದ್ಲು."

"ನಾಯಿ ಅಲ್ಲ. ಹುಲ್ಲು ಕೊಯ್ಯಾಗ ನನ್ನ ಕುಡುಗೋಲು ತಾಕಿತ್ತು. ನಾನ ಮಾಡಿದ್ದು." ಹೇಳಿ ಸಾಯಮ್ಮ ಬಾಗಿಲಿನಿಂದ ಸರಿದು ನಿಂತಳು.

ಒಳಗೆ ಮೂವರೂ ಚಹಾ ಕುಡಿದರು. ಯಾರೂ ಅಳಲಿಲ್ಲ, ಯಾರೂ ಕ್ಷಮೆ ಕೇಳಲಿಲ್ಲ. ಸಾಯಮ್ಮ ಕಾರ್ಖಾನೆಯ ಬಗ್ಗೆ ಕೇಳಿದಳು, ಅವನು ಕಲ್ಲಿನ ಕೆಲಸದ ಬಗ್ಗೆ ಕೇಳಿದ. ಹೊರಡುವಾಗ ಅವನು ಬಾಗಿಲಲ್ಲಿ ನಿಂತು, "ಅವತ್ತು ಸೀರಿ ಯಾ ಬಣ್ಣದ್ದು ಇತ್ತು?" ಎಂದ. ಅವಳು ನೆನಪಿಲ್ಲ ಎಂದಳು.

ಆಲ್ಬಮ್ ಐದು ತಿಂಗಳು ತಡವಾಯಿತು. ಮೂರನೆಯ ಹಾಡನ್ನು ಕಿತ್ತು ಹೊಸದಾಗಿ ಕಟ್ಟಬೇಕೆಂದಾಗ ದತ್ತು ಡ್ರಮ್ಮಿನ ಕೋಲು ಎಸೆದು ಎದ್ದು ಹೋಗಿದ್ದ, ಮರುವಾರ ತಾನೇ ಬಂದ. ಹೊಸ ಹಾಡು ಚುರುಕಾಗಿತ್ತು, ಬಸ್ಸು ಇಳಿಜಾರಿನಲ್ಲಿ ಓಡಿದಂತೆ. ಇಂಟರ್ನೆಟ್ಟಿಗೆ ಹಾಕಿದ ಮೇಲೆ ಕಲಬುರಗಿಯಿಂದ ಯಾರೋ ಒಬ್ಬರು ಉದ್ದಕ್ಕೆ ಬರೆದರು: ಎಲ್ಲ ಚೆನ್ನಾಗಿದೆ, ಮೂರನೆಯ ಹಾಡೊಂದು ಮಾತ್ರ ನಂಬುವಂತಿಲ್ಲ, ಮನೆ ಬಿಟ್ಟ ಹೆಂಗಸು ಅಷ್ಟು ಹಗುರಾಗಿರುವುದಿಲ್ಲ. ರಾಜರತ್ನ ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದ. ಇಬ್ಬರೂ ನಕ್ಕರು. ಅದು ಪೂರ್ತಿ ನಗುವೂ ಆಗಿರಲಿಲ್ಲ.

"ಇನ್ನೇನರೆ ಮುಚ್ಚಿಟ್ಟೀರೇನ್ರಿ?" ಸ್ವರೂಪಾ ಕೇಳಿದಳು.

"ಏನಿಲ್ಲ," ಅಂದ ಅವನು. ಅವಳು ಅವನ ಮುಖ ನೋಡಿದಳು. ಹನ್ನೊಂದು ವರ್ಷ ತೆರೆದಿಟ್ಟಂತಿದ್ದ ಮುಖ ಅದು. ಈಗ ಖಾತ್ರಿಯಾಗಿ ಏನೂ ತಿಳಿಯಲಿಲ್ಲ.

ಆ ವಾರ ಅವಳು ತನ್ನ ರಜೆಯನ್ನು ಬುಧವಾರದಿಂದ ರವಿವಾರಕ್ಕೆ ಬದಲಿಸಿಕೊಂಡಳು. ಅತ್ತೆಯ ಮೇಲಿನ ಪ್ರೀತಿಗೋ, ಗಂಡನ ಮೇಲಿನ ಅನುಮಾನಕ್ಕೋ ಎಂದು ಗುರುಲಿಂಗಮ್ಮ ಡಿಪೋದಲ್ಲಿ ಕಣ್ಣು ಮಿಟುಕಿಸಿ ಕೇಳಿದಳು.

"ಎರಡಕ್ಕೂ ಅಕ್ಕ," ಅಂದಳು ಸ್ವರೂಪಾ.